ಬಾಯಿಗೆ ಏನೂ ಕೊಡಬಾರದು

ಜೂನ್ 4

ಕಡ್ಡೀ,

ಕಾಗದ ಶುರು ಮಾಡುವಾಗ 'ಇಲ್ಲಿ ನಾನು ಕ್ಷೇಮ' ಅಂತ ಬರೀಬೇಕು ಅಂತ ನಾಲ್ಕನೇ ಕ್ಲಾಸಿನ ಮೇಷ್ಟ್ರು ಹೇಳಿಕೊಟ್ಟಿದ್ದರು. ಅದಾದ ಮೇಲೆ ಅವರೂ ಏನೂ ಹೇಳಿಕೊಡಲಿಲ್ಲ, ನಾನೂ ಸ್ಕೂಲಿನ ಕಡೆ ತಲೆ ಹಾಕಲಿಲ್ಲ. ಹಾಗಾಗಿ ಇಲ್ಲಿ ನಾನು ಕ್ಷೇಮ.

'ಒಂದು ಫೋನು ಮಾಡಿದರೆ ಆಗಲ್ವಾ ಅತ್ತೆ, ಕಾಗದ ಯಾಕೆ' ಅಂತಾಳೆ ನಿಮ್ಮಮ್ಮ. ಫೋನಿನಲ್ಲಿ ಬೈದರೆ ನೀನು ಸಿಗ್ನಲ್ ಇಲ್ಲ ಅಂತ ಕಟ್ ಮಾಡ್ತೀಯ. ಕಾಗದದಲ್ಲಿ ಬೈದರೆ ಕೊನೇವರೆಗೂ ಓದಲೇಬೇಕು. ಅದೂ ಅಲ್ಲದೆ ನಾನು ಫೋನು ಹಿಡಿದ ತಕ್ಷಣ ಅವಳು ಬಾಗಿಲ ಹಿಂದೆ ಬಂದು ಪಾತ್ರೆ ಒರೆಸ್ತಾ ನಿಲ್ತಾಳೆ. ಒರೆಸಿದ್ದನ್ನೇ ಒರೆಸ್ತಾಳೆ.

ಈ ತಿಂಗಳಿಂದ ನರ್ಸಿಂಗ್ ಓದೋ ನಿಮ್ಮನ್ನ ಆಸ್ಪತ್ರೆಯ ವಾರ್ಡಿಗೆ ಬಿಡ್ತಾರೆ ಅಂತ ನಿಮ್ಮಪ್ಪ ಹೇಳಿದ. ಒಂದು ವರ್ಷ ಪೂರ್ತಿ ಪ್ಲಾಸ್ಟಿಕ್ ಬೊಂಬೆಗೆ ಸೂಜಿ ಚುಚ್ಚಿದೆ, ಅದು ಒಂದು ಸಲವೂ ಅಯ್ಯೋ ಅನ್ನಲಿಲ್ಲ. ಇನ್ನು ಮುಂದೆ ಅಯ್ಯೋ ಅನ್ನೋರು ಸಿಗ್ತಾರೆ, ನೋಡಿಕೋ. ಉಗುರು ಕತ್ತರಿಸು. ನಿನ್ನ ಕೈ ಚಿಕ್ಕಂದಿನಿಂದ ಐಸಿನ ಹಾಗೆ ತಣ್ಣಗೆ, ರೋಗಿಯನ್ನು ಮುಟ್ಟೋ ಮುಂಚೆ ಉಜ್ಜಿಕೋ. ವಯಸ್ಸಾದವರನ್ನು ಅಜ್ಜಿ, ತಾತ ಅನ್ನು. ಹನ್ನೆರಡನೇ ನಂಬರು, ಹದಿಮೂರನೇ ನಂಬರು ಅಂತ ಕೂಗಬೇಡ, ಅವರೇನು ಬಸ್ಸಲ್ಲ.

ಇನ್ನೊಂದು ಮಾತು, ಇದನ್ನ ತಲೇಲಿ ಬರೆದಿಟ್ಟುಕೋ. ಯಾರಾದರೂ ನೀರು ಕೇಳಿದರೆ ಇಲ್ಲ ಅನ್ನಬೇಡ. ನಿಮ್ಮ ತಾತ ಆಸ್ಪತ್ರೆಯಲ್ಲಿ ಮಲಗಿದ್ದಾಗ ನೀರು ನೀರು ಅಂದರು. ಒಬ್ಬ ನರ್ಸಮ್ಮ 'ಇರಿ, ಬಂದೆ' ಅಂತ ಹೋದವಳು ಹೋದಳು. ನಾನು ಔಷಧಿ ತಂದು ನೋಡೋ ಹೊತ್ತಿಗೆ ಅವರ ತುಟಿ ಒಣಗಿ ಬಿರಿದಿತ್ತು. ಆ ನರ್ಸಮ್ಮನ ಮುಖ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ. ನೀನು ಆ ಮುಖ ಆಗಬೇಡ.

ರಾತ್ರಿ ಊಟ ಬಿಟ್ಟಿದ್ದೀನಿ. ಈ ವಯಸ್ಸಿನಲ್ಲಿ ಸೊಂಟ ಸಣ್ಣ ಮಾಡಿಕೊಂಡು ಯಾರನ್ನ ಮೆಚ್ಚಿಸಬೇಕೋ ಗೊತ್ತಿಲ್ಲ, ಆದರೂ ಹಗುರ ಅನ್ನಿಸುತ್ತೆ. ನೀನು ಮಾತ್ರ ಬಿಡಬೇಡ. ಮೊದಲೇ ಕಡ್ಡಿ.

ಅಜ್ಜಿ

---

ಜೂನ್ 15

ಅಜ್ಜೀ,

ನಾನೂ ಕ್ಷೇಮ. ಇದು ನಿಜವಾದ ಕ್ಷೇಮ, ನಿನ್ನ ಮೇಷ್ಟ್ರು ಹೇಳಿಕೊಟ್ಟಿದ್ದಲ್ಲ.

ವಾರ್ಡಿಗೆ ಹೋದ ಮೊದಲ ದಿನ ಹಾಸಿಗೆ ಹಾಸಿದ್ದೇ ಹಾಸಿದ್ದು. ಬೆಡ್‌ಶೀಟಿನ ಮೂಲೆ ಲಕೋಟೆಯ ಹಾಗೆ ಮಡಿಸಬೇಕು, ಒಂದು ಸುಕ್ಕು ಇರಬಾರದು. ವಾರ್ಡಿಗೆ ಮುಖ್ಯಸ್ಥರು ಒಬ್ಬರಿದ್ದಾರೆ, ನಾವೆಲ್ಲ ಅವರನ್ನ ದೊಡ್ಡ ಸಿಸ್ಟರ್ ಅಂತೀವಿ. ಅವರು ಹಾಸಿಗೆಯ ಮೇಲೆ ಕೈ ಆಡಿಸಿ 'ಈ ಸುಕ್ಕಿನ ಮೇಲೆ ನೀನೇ ಒಂದು ವಾರ ಅಲ್ಲಾಡದೆ ಮಲಗು, ಬೆನ್ನು ಹುಣ್ಣಾಗುತ್ತಾ ಇಲ್ವಾ ನೋಡೋಣ' ಅಂದರು. ಬೈಯೋದರಲ್ಲಿ ನಿನಗೆ ಸರಿಸಾಟಿ. ಆದರೆ ಅವರು ನಗಲ್ಲ.

ನಿನಗೆ ಹೇಳಲೇಬೇಕಾದವರು ಒಬ್ಬರಿದ್ದಾರೆ. ಕಿಟಕಿ ಪಕ್ಕದ ಮಂಚದ ಅಜ್ಜಿ. ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿದೆ. ಮಾತು ತೊದಲುತ್ತೆ, ಆದರೆ ಬೈಗುಳ ಮಾತ್ರ ಸ್ಪಷ್ಟ. ಮೂಗಿನಿಂದ ಹೊಟ್ಟೆಗೆ ಸಣ್ಣ ಪೈಪು ಹಾಕಿ ಹಾಲು, ಗಂಜಿ ತಿಳಿ ಬಿಡ್ತಾರೆ. ತಲೆಯ ಮೇಲೆ ಗೋಡೆಗೆ ಒಂದು ಬೋರ್ಡು: 'ಬಾಯಿಗೆ ಏನೂ ಕೊಡಬಾರದು.' ಅವರ ಸೊಸೆ ಹಗಲಿಡೀ ಪಕ್ಕದಲ್ಲೇ ಕೂತಿರ್ತಾರೆ, ಕೈಯಲ್ಲಿ ಯಾರದೋ ಬಟ್ಟೆಗೆ ಹುಕ್ ಹೊಲೀತಾ. ಅಜ್ಜಿ ನೀರು ಕೇಳ್ತಾರೆ. ಸೊಸೆ ಬೋರ್ಡು ತೋರಿಸ್ತಾರೆ. ಅಜ್ಜಿ ಸೊಸೆಯ ತವರಿನ ತಲೆತಲಾಂತರಕ್ಕೂ ಬೈತಾರೆ. ನೀನು ಅಮ್ಮನಿಗೆ ಬೈಯೋ ಹಾಗೇ, ಅದೇ ರಾಗ!

ಅವರಿಗೆ ನಾನಂದರೆ ಇಷ್ಟ. ನಾನು ಕಂಡ ತಕ್ಷಣ ಮುಖದ ಅರ್ಧ ಭಾಗ ನಗುತ್ತೆ. ನಮ್ಮಿಬ್ಬರ ನಡುವೆ ಒಂದು ಗುಟ್ಟೂ ಇದೆ. ನಿನ್ನ ಮಾತು ಮರೆತಿಲ್ಲ ಅಂತ ಮಾತ್ರ ಹೇಳ್ತೀನಿ.

ನಿನ್ನ ಕಡ್ಡಿ

---

ಜೂನ್ 24

ಕಡ್ಡೀ,

ಇಲ್ಲಿ ನಾನು ಕ್ಷೇಮ.

ನಿನ್ನ ಕಾಗದವನ್ನ ಪಕ್ಕದ ಮನೆಯವಳಿಗೆ ಓದಿ ಹೇಳಿದೆ. ಕಿವಿ ಕೇಳಲ್ಲ ಅಂತ ಎರಡು ಸಲ ಓದಿದೆ. ಎದುರು ಮನೆಯವಳಿಗೆ ಕಿವಿ ಚೆನ್ನಾಗಿದೆ, ಅವಳಿಗೂ ಎರಡು ಸಲ ಓದಿದೆ.

ಬಾಯಿಗೆ ಏನೂ ಕೊಡಬಾರದು ಅಂತೆ! ನನ್ನ ತಲೆ ಮೇಲೆ ಅಂಥ ಬೋರ್ಡು ಹಾಕಿದರೆ, ಈ ಬಾಯಿಂದ ಏನು ಬರುತ್ತೆ ಅನ್ನೋದಕ್ಕೆ ಇನ್ನೊಂದು ಬೋರ್ಡು ಹಾಕಬೇಕಾಗುತ್ತೆ. ಪಾಪ, ಆ ಮುದುಕಿ. ಅರ್ಧ ಮೈ ಹೋಗಿದೆ, ಉಳಿದ ಅರ್ಧಕ್ಕೂ ನೀರಿಲ್ಲ. ಸೊಸೆಗೆ ಬೋರ್ಡು ಸಿಕ್ಕಿದ್ದು ಒಳ್ಳೇದೇ ಆಯಿತು, ಇಷ್ಟು ವರ್ಷ ನೆಪವಿಲ್ಲದೆ ಒದ್ದಾಡ್ತಿದ್ದಳೇನೋ. ಹುಕ್ ಹೊಲೀತಾಳಂತೆ ಹುಕ್ಕು. ಅತ್ತೆಯ ಬಾಯಿಗೂ ಒಂದು ಹೊಲಿದುಬಿಟ್ಟರೆ ಕೆಲಸ ಮುಗೀತು.

ಏನು ಗುಟ್ಟು, ನನಗೂ ಹೇಳು. ಏನೇ ಇರಲಿ, ನಿನ್ನ ಕಂಡರೆ ಒಂದು ಮುಖದ ಅರ್ಧವಾದರೂ ನಗುತ್ತಲ್ಲ, ನಾನು ನಿನ್ನ ಕೈಲಿ ಇದನ್ನ ಓದಿಸಿದ್ದು ಸಾರ್ಥಕ. ನಿಮ್ಮಪ್ಪ ಬ್ಯಾಂಕು, ಆಫೀಸು ಅಂತ ಏನೇನೋ ಅಂದಿದ್ದ, ನೆನಪಿದೆಯಾ? ಹಠ ಹಿಡಿದವಳು ನಾನು.

ನಿಮ್ಮಮ್ಮ ನನ್ನನ್ನ ಡಾಕ್ಟರ ಹತ್ತಿರ ಕರಕೊಂಡು ಹೋಗ್ತೀನಿ ಅಂತ ಎರಡು ದಿನದಿಂದ ಹಿಂದೆ ಬಿದ್ದಿದ್ದಾಳೆ. ಸ್ವಲ್ಪ ಹೊಟ್ಟೆ ಹಿಡಿದುಕೊಂಡು ಕೂತಿದ್ದು ನೋಡಿದಳು, ಅಷ್ಟೇ. ಗ್ಯಾಸು. ಅವಳು ಮಾಡಿದ ಅಡುಗೆಯ ಗ್ಯಾಸು ಅಂತ ಹೇಳಿದೆ, ಸುಮ್ಮನಾದಳು.

ಅಜ್ಜಿ

---

ಜುಲೈ 6

ಅಜ್ಜೀ,

ಕ್ಷೇಮ.

ಕಿಟಕಿ ಪಕ್ಕದ ಅಜ್ಜಿಗೆ ಜ್ವರ ಬಂದಿದೆ. ಎದೆಯಲ್ಲಿ ಕಫ, ಉಸಿರಾಡೋದೇ ಕಷ್ಟ. ನ್ಯುಮೋನಿಯಾ ಅಂದರು. ಲಕ್ವ ಆದಾಗ ಗಂಟಲಿಗೂ ತಾಗಿರುತ್ತಂತೆ, ನುಂಗಿದ್ದು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತಂತೆ. ಬೋರ್ಡು ಹಾಕಿದ್ದು ಅದಕ್ಕೇ. ಮಂಚದ ಪಕ್ಕದ ಸಣ್ಣ ಕಪಾಟಿನ ಮೇಲೆ ಸೊಸೆಯ ಸ್ಟೀಲ್ ಲೋಟ ಇತ್ತು, ಅಜ್ಜಿಯ ರವಿಕೆಯ ಕುತ್ತಿಗೆ ಒದ್ದೆಯಾಗಿತ್ತು. ಯಾರೋ ನೀರು ಕುಡಿಸ್ತಿದ್ದಾರೆ ಅಂತ ದೊಡ್ಡ ಸಿಸ್ಟರಿಗೆ ಗೊತ್ತಾಯಿತು.

ಅಜ್ಜಿಯ ಹೆಣ್ಣುಮಕ್ಕಳು ಇಬ್ಬರೂ ಬಂದಿದ್ದರು. 'ಯಾರಮ್ಮ ನಿನಗೆ ನೀರು ಕೊಟ್ಟಿದ್ದು' ಅಂತ ಕೇಳಿದರು. ಅಜ್ಜಿ ಸರಿಯಿರುವ ಕೈ ಎತ್ತಿ ಸೊಸೆಯ ಕಡೆ ತೋರಿಸಿದರು. ಆಮೇಲೆ ವಾರ್ಡಿನಲ್ಲಿ ಏನು ನಡೀತು ಅಂತ ಬರೆಯೋಕೆ ಇಷ್ಟ ಇಲ್ಲ. 'ನಮ್ಮಮ್ಮನ್ನ ಕೊಲ್ಲೋಕೆ ಕೂತಿದ್ದಳು' ಅಂದರು. ಸೊಸೆ 'ನಾನು ಕೊಟ್ಟಿಲ್ಲ' ಅಂತ ಒಂದೇ ಒಂದು ಸಲ ಅಂದರು. ಗಂಡ, ಅಂದರೆ ಅಜ್ಜಿಯ ಮಗ, ಹೆಂಡತಿಯ ಮುಖ ನೋಡಲಿಲ್ಲ. ಈಗ ಸೊಸೆಯನ್ನ ವಾರ್ಡಿನೊಳಗೆ ಬಿಡ್ತಿಲ್ಲ. ಹೆಣ್ಣುಮಕ್ಕಳೇ ಸರದಿಯಲ್ಲಿ ಕೂತ್ಕೋತಾರೆ.

ಒಂದು ಮಾತು ಕೇಳ್ತೀನಿ ಅಜ್ಜಿ. ಬಾಯಾರಿದವರಿಗೆ ಕರುಣೆಯಿಂದ ಕೊಟ್ಟಿದ್ದು ಅಂತಾದರೆ, ಅದು ಅಷ್ಟು ದೊಡ್ಡ ತಪ್ಪಾ?

ಕಡ್ಡಿ

---

ಜುಲೈ 13

ಕಡ್ಡೀ,

ಇಲ್ಲಿ ನಾನು ಕ್ಷೇಮ.

ಕರುಣೆಯಂತೆ! ನಿನ್ನ ತಲೆಯಲ್ಲಿ ಮಿದುಳಿದೆಯೋ ಹತ್ತಿ ಇದೆಯೋ? ದಿನಾ ಬೋರ್ಡು ತೋರಿಸ್ತಿದ್ದ ಹೆಂಗಸಿಗೆ ಒಂದು ದಿನ ಇದ್ದಕ್ಕಿದ್ದ ಹಾಗೆ ಕರುಣೆ ಉಕ್ಕಿತಾ? ನೀರು ಕುಡಿಸಿದರೆ ಏನಾಗುತ್ತೆ ಅಂತ ಗೊತ್ತಿದ್ದೇ ಕುಡಿಸಿದ್ದಾಳೆ. ಬೋರ್ಡು ಇದ್ದ ಮೇಲೆ, ಓದೋಕೆ ಬಂದ ಮೇಲೆ, ಕೊಟ್ಟಿದ್ದು ಗೊತ್ತಾಗದೆ ಅಂತ ಯಾರು ನಂಬ್ತಾರೆ? ಎದುರಿಗೆ ಕೊಟ್ಟಿದ್ದರೆ ಕರುಣೆ. ಬಚ್ಚಿಟ್ಟು ಕೊಟ್ಟಿದ್ದಾಳೆ ಅಂದ ಮೇಲೆ ಅದು ಬೇರೆ. ಅದರ ಮೇಲೆ 'ನಾನು ಕೊಟ್ಟಿಲ್ಲ' ಅಂತ ಸುಳ್ಳು ಬೇರೆ. ಆ ಬಾಯಿಗೆ ಹುಳ ಬೀಳ.

ಮುದುಕಿಯೇ ಕೈ ತೋರಿಸಿದ್ದಾಳೆ, ಇನ್ನೇನು ಬೇಕು? ಹಾಸಿಗೆ ಹಿಡಿದವಳು ಸುಳ್ಳು ಹೇಳ್ತಾಳಾ?

ಇದನ್ನ ನಿಮ್ಮಮ್ಮನ ಎದುರಿಗೆ ಜೋರಾಗಿ ಓದಿದೆ. 'ಏನೋ ಅತ್ತೆ, ಅವಳ ಕಡೆ ಮಾತೂ ಕೇಳಬೇಕಲ್ಲ' ಅಂದಳು. ನೋಡು, ಕಾಗೆ ಕಾಗೆಯ ಕಡೆಗೇ ಕೂಗೋದು. 'ನನಗೂ ನೀನು ಹಾಗೇ ಕುಡಿಸ್ತೀಯ ಬಿಡು' ಅಂದೆ. ಎದ್ದು ಒಳಗೆ ಹೋದಳು. ಆವತ್ತು ಸಾಯಂಕಾಲದ ಟೀ ನಾನೇ ಮಾಡಿಕೊಂಡೆ.

ಆ ಸೊಸೆಗೆ ಏನಾಯಿತು, ಬರಿ.

ಅಜ್ಜಿ

---

ಆಗಸ್ಟ್ 2

ಕಡ್ಡೀ,

ನಾನು ಕ್ಷೇಮ. ನೀನು?

ಕಾಗದ ಬರಲಿಲ್ಲ. ಫೋನಿನಲ್ಲಿ 'ಪರೀಕ್ಷೆ ಇದೆ' ಅಂತ ನಿಮ್ಮಪ್ಪನಿಗೆ ಅಂದೆಯಂತೆ. ಮೊದಲೂ ಪರೀಕ್ಷೆ ಇತ್ತು, ಆಗ ಪರೀಕ್ಷೆಗೇ ಬೈದು ನಾಲ್ಕು ಪುಟ ಬರೀತಿದ್ದೆ. ಧ್ವನಿ ಬಾವಿಯೊಳಗಿಂದ ಬಂದ ಹಾಗಿತ್ತು ಅಂತ ನಿಮ್ಮಮ್ಮ ಅಂದಳು. ಅವಳು ಹೇಳೋದನ್ನೆಲ್ಲ ನಾನು ನಂಬಲ್ಲ, ಇದನ್ನ ನಂಬಿದೆ.

ಯಾರಾದರೂ ಹುಡುಗನಾ? ಇದ್ದರೆ ಇರಲಿ, ಬಾಯಿ ಬಿಟ್ಟು ಹೇಳು. ಊಟ ಸೇರ್ತಿಲ್ವಾ? ಹಾಸ್ಟೆಲಿನಲ್ಲಿ ಯಾರಾದರೂ ಕಾಟ ಕೊಡ್ತಾರಾ? ಹೆಸರು ಬರಿ, ನಾನು ಅಲ್ಲಿಗೇ ಬಂದು ವಿಚಾರಿಸಿಕೊಳ್ತೀನಿ. ಮೆಟ್ಟಿಲು ಹತ್ತೋಕೆ ಈಚೆಗೆ ಸ್ವಲ್ಪ ನಿಧಾನ ಆಗುತ್ತೆ, ಆದರೆ ಬಾಯಿ ನಿಧಾನ ಆಗಿಲ್ಲ.

ಕಿಟಕಿಯ ಮುದುಕಿ ಹೇಗಿದ್ದಾಳೆ?

ಅಜ್ಜಿ

---

ಆಗಸ್ಟ್ 10

ಅಜ್ಜಿ,

ಕಿಟಕಿ ಪಕ್ಕದ ಅಜ್ಜಿ ತೀರಿಕೊಂಡರು. ಹೋದ ವಾರ. ನಾನು ಆವತ್ತು ವಾರ್ಡಿನಲ್ಲಿದ್ದೆ. ಹಾಸಿಗೆ ತೆಗೆದು ಹೊಸದು ಹಾಸು ಅಂತ ನನಗೇ ಹೇಳಿದರು. ಒಂದು ಸುಕ್ಕೂ ಬರಲಿಲ್ಲ.

ನನಗೆ ಈ ಕೋರ್ಸು ಬೇಡ. ಮನೆಗೆ ಬರ್ತೀನಿ. ಏನಾದರೂ ಬೇರೆ ಓದ್ತೀನಿ, ಇಲ್ಲದಿದ್ದರೆ ಓದೋದೇ ಬೇಡ. ಅಪ್ಪನಿಗೆ ನೀನೇ ಹೇಳು. ಕಾರಣ ಕೇಳಬೇಡ. ಹುಡುಗ ಇಲ್ಲ, ಊಟ ಸರಿಯಾಗಿದೆ, ಯಾರೂ ಕಾಟ ಕೊಡ್ತಿಲ್ಲ. ಎಲ್ಲರೂ ನನ್ನನ್ನ ಒಳ್ಳೆಯ ಹುಡುಗಿ ಅಂತಲೇ ಅಂತಾರೆ.

ಕಡ್ಡಿ

---

ಆಗಸ್ಟ್ 17

ಕಡ್ಡೀ,

ಇಲ್ಲಿ ನಾನು ಕ್ಷೇಮ. ನೀನು ಕ್ಷೇಮ ಇಲ್ಲ ಅಂತ ಕುರುಡರಿಗೂ ಕಾಣುತ್ತೆ.

ಸರಿ, ಅರ್ಥ ಆಯಿತು. ಮೊದಲ ಸಾವು ನೋಡಿದ್ದೀಯ, ಹೆದರಿದ್ದೀಯ. ಆ ಮುದುಕಿಯನ್ನ ಹಚ್ಚಿಕೊಂಡಿದ್ದೆ, ನನ್ನ ನೆನಪಾಗ್ತಿತ್ತು, ಅವಳು ಹೋದಳು, ನಾನೇ ಹೋದ ಹಾಗಾಯಿತು ನಿನಗೆ. ಇಷ್ಟೇ ತಾನೇ? ನಾನು ಇನ್ನೂ ಹೋಗಿಲ್ಲ. ಹೋದ ದಿನ ಅಳು, ಈಗಲೇ ಕಣ್ಣೀರು ಖರ್ಚು ಮಾಡಬೇಡ. ನರ್ಸು ಆಗೋಳು ಸಾವಿಗೆ ಹೆದರಿ ಮನೆಗೆ ಓಡಿ ಬಂದರೆ, ಮೀನು ಮಾರೋಳು ವಾಸನೆಗೆ ಮೂಗು ಮುಚ್ಚಿಕೊಂಡ ಹಾಗೆ.

ಆ ಸಾವು ನಿನ್ನ ತಲೆ ಮೇಲೆ ಇಲ್ಲ, ಕೇಳಿಸಿತಾ? ಅದು ಆ ಸೊಸೆಯ ತಲೆ ಮೇಲೆ. ರಾತ್ರಿ ನಿದ್ದೆ ಕೆಡಬೇಕಾದವಳು ಅವಳು. ಈಗ ಅತ್ತೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಆರಾಮಾಗಿ ಓಡಾಡ್ತಿರಬೇಕು. ನೀನು ಯಾಕೆ ಸೊರಗ್ತೀಯ? ನೀನೇನು ಲೋಟ ಹಿಡಿದಿದ್ದೆಯಾ?

ನಿಮ್ಮಪ್ಪನಿಗೆ ನಾನು ಏನೂ ಹೇಳಿಲ್ಲ, ಹೇಳೋದೂ ಇಲ್ಲ. ಮುಖ ತೊಳಕೊಂಡು ವಾರ್ಡಿಗೆ ನಡಿ.

ಅಜ್ಜಿ

---

ಆಗಸ್ಟ್ 25

ಅಜ್ಜಿ,

ಹೌದು. ಲೋಟ ಹಿಡಿದಿದ್ದು ನಾನೇ.

ಸೊಸೆ ಮಧ್ಯಾಹ್ನ ಬಟ್ಟೆ ಒಗೆಯೋಕೆ ಹೋಗ್ತಿದ್ದರು. ಆಗ ಅಜ್ಜಿ ನನ್ನ ಕೈ ಹಿಡಿದುಕೊಂಡು 'ಮಗಳೇ, ಒಂದು ಗುಟುಕು' ಅನ್ನೋರು. ಬೋರ್ಡು ಯಾಕಿದೆ ಅಂತ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಒದ್ದೆ ಬಟ್ಟೆಯಿಂದ ತುಟಿ, ನಾಲಗೆ ಒರೆಸಬೇಕು, ಅದಕ್ಕಿಂತ ಹೆಚ್ಚು ಏನೂ ಕೊಡಬಾರದು ಅಂತ ನಾನೇ ಪರೀಕ್ಷೆಯಲ್ಲಿ ಬರೆದು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಒಂದು ದಿನ ಹಾಗೇ ಒರೆಸಿದೆ. ಅವರು ಬಟ್ಟೆಯನ್ನ ಹಲ್ಲಲ್ಲಿ ಕಚ್ಚಿ ಹೀರಿದರು. ನನಗೆ ತಡೆಯೋಕೆ ಆಗಲಿಲ್ಲ. ಸೊಸೆಯ ಲೋಟದಿಂದ ಒಂದು ಚಮಚ ಕೊಟ್ಟೆ. ನುಂಗಿದರು. ಕೆಮ್ಮಲಿಲ್ಲ. ನೀರು ತಪ್ಪು ದಾರಿಗೆ ಹೋದರೆ ಕೆಮ್ಮು ಬರಲೇಬೇಕು ಅಂದುಕೊಂಡಿದ್ದೆ. ಬರಲಿಲ್ಲವಲ್ಲ, ಇವರಿಗೆ ಗಂಟಲು ಸರಿಯಿದೆ, ಬೋರ್ಡು ತೆಗೆಯೋದು ಮರೆತಿದ್ದಾರೆ ಅಂತ ನಾನೇ ತೀರ್ಮಾನ ಮಾಡಿದೆ. ಮಾರನೆಯ ದಿನವೂ ಕೊಟ್ಟೆ. ಆಮೇಲೆ ದಿನಾ. 'ಅಬ್ಬ' ಅಂತ ಕಣ್ಣು ಮುಚ್ಚೋರು. ಅದೇ ನಮ್ಮ ಗುಟ್ಟು.

ಹೆಣ್ಣುಮಕ್ಕಳು ಕೇಳಿದಾಗ ನಾನು ಮಂಚದ ಕಾಲ ಹತ್ತಿರ ನಿಂತಿದ್ದೆ. ಅಜ್ಜಿ ಒಂದು ಸಲ ನನ್ನ ನೋಡಿದರು. ಆಮೇಲೆ ಸೊಸೆಯ ಕಡೆ ಕೈ ತೋರಿಸಿದರು. ನಾನು ಬಾಯಿ ಬಿಡಲಿಲ್ಲ. ಆವತ್ತೂ ಬಿಡಲಿಲ್ಲ, ಆಮೇಲೂ ಬಿಡಲಿಲ್ಲ. ಹೇಳಿದರೆ ಕಾಲೇಜಿನಿಂದ ತೆಗೀತಾರೆ ಅಂತ ಹೆದರಿಕೆ. ನಿನಗೆ ಏನಂತ ಹೇಳಲಿ ಅನ್ನೋದು ಅದಕ್ಕಿಂತ ಹೆಚ್ಚು.

ನೀನು ಸೊಸೆಗೆ ಬೈದಿದ್ದೆಲ್ಲ ನನಗೇ ಬೈದಿದ್ದು ಅಂತ ಓದಿಕೊಂಡೆ. ಬಚ್ಚಿಟ್ಟು ಕೊಟ್ಟಿದ್ದು ಕರುಣೆ ಅಲ್ಲ ಅಂದೆಯಲ್ಲ, ಸರಿಯಾಗಿ ಹೇಳಿದೆ.

---

ಸೆಪ್ಟೆಂಬರ್ 1

ಕಡ್ಡೀ,

ನಿನ್ನ ಕಾಗದ ಬಂದು ಕೆಲವು ದಿನ ಆಯಿತು. ಯಾರಿಗೂ ಓದಿ ಹೇಳಲಿಲ್ಲ. ಪಕ್ಕದ ಮನೆಯವಳು ಕೇಳಿದಳು, ಕನ್ನಡಕ ಒಡೆದಿದೆ ಅಂದೆ.

ನೀರು ಕೇಳಿದವರಿಗೆ ಇಲ್ಲ ಅನ್ನಬೇಡ ಅಂತ ಬರೆದಿದ್ದು ನಾನು. ಅದನ್ನ ನೀನು ಈ ಕಾಗದದಲ್ಲಿ ಎಲ್ಲೂ ಎತ್ತಿಲ್ಲ. ಹುಡುಕಿ ಹುಡುಕಿ ನೋಡಿದೆ. ನನ್ನನ್ನ ಉಳಿಸೋಕೆ ಬಿಟ್ಟಿದ್ದೀಯ. ಉಳಿಸಬೇಡ. ತಾತನ ಒಣಗಿದ ತುಟಿ ನೋಡಿದ ಸಿಟ್ಟನ್ನ ನಾನು ನಿನ್ನ ಕೈಯಲ್ಲಿ ಕೊಟ್ಟು ಕಳಿಸಿದೆ. ಆಸ್ಪತ್ರೆಯ ವಿಷಯ ನನಗೇನು ಗೊತ್ತು? ಆ ನರ್ಸಮ್ಮನೂ ಯಾವುದಾದರೂ ಬೋರ್ಡು ನೋಡಿಯೇ ಹೋಗಿದ್ದಳೋ ಏನೋ. ನಾನು ಕೇಳಲೇ ಇಲ್ಲ.

ಆದರೆ ಚಮಚ ನಿನ್ನದು, ಬಾಯಿ ಮುಚ್ಚಿಕೊಂಡಿದ್ದೂ ನಿನ್ನದು. ಅದರಲ್ಲಿ ನಾನು ಪಾಲು ಕೇಳಲ್ಲ.

ಮುದುಕಿ ಯಾಕೆ ಸೊಸೆಯ ಕಡೆ ಕೈ ತೋರಿಸಿದಳು ಅಂತ ನಿನಗೆ ಅರ್ಥ ಆಗಿಲ್ಲ ಅನ್ನಿಸುತ್ತೆ. ನನಗೆ ಆಯಿತು. ಕೊಟ್ಟವಳನ್ನ ಉಳಿಸಿದಳು, ಕೊಡದವಳಿಗೆ ಬಡಿದಳು. ಆ ಮಂಚದ ಮೇಲೆ ನಾನಿದ್ದರೆ ನನ್ನ ಕೈಯೂ ಆ ಕಡೆಗೇ ಏಳ್ತಿತ್ತು. ಇದನ್ನ ಬರೆಯುವಾಗ ನಿಮ್ಮಮ್ಮ ಅಲ್ಲಿ ನಿಂತು ಬಟ್ಟೆ ಮಡಿಸ್ತಿದ್ದಾಳೆ. ನನಗೆ ಅವಳ ಕಡೆ ನೋಡೋಕೆ ಆಗ್ತಿಲ್ಲ.

ಆ ಹೆಂಗಸಿಗೆ ನಾನು ಆಡಿದ ಮಾತು ಅವಳ ಕಿವಿಗೆ ಬೀಳಲಿಲ್ಲ. ನಿನ್ನ ಕಿವಿಗೆ ಬಿತ್ತು. ಅದು ಇನ್ನೂ ಕೆಟ್ಟದ್ದು.

ಹೋಗಿ ಹೇಳು. ದೊಡ್ಡ ಸಿಸ್ಟರಿಗೆ ಹೇಳು, ಆಮೇಲೆ ಆ ಸೊಸೆಯನ್ನ ಹುಡುಕಿ ಅವಳಿಗೆ ಹೇಳು. ತೆಗೆದು ಹಾಕಿದರೆ ಹಾಕಲಿ, ಮನೆಗೆ ಬಾ, ನಾನಿದ್ದೀನಿ. ಹೇಳದೆ ಮಾತ್ರ ಬರಬೇಡ. ಈ ಮನೆಯಲ್ಲಿ ನಿನ್ನನ್ನ ನಾನು ಯಾವ ಬಾಯಲ್ಲಿ ಊಟಕ್ಕೆ ಕರೀಲಿ?

ಅಜ್ಜಿ

---

ಸೆಪ್ಟೆಂಬರ್ 20

ಅಜ್ಜಿ,

ಹೇಳಿದೆ.

ದೊಡ್ಡ ಸಿಸ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. 'ಕೆಮ್ಮಲಿಲ್ಲ ಅಂದರೆ ಸರಿಯಾಗಿ ಹೋಯಿತು ಅಂದುಕೊಂಡೆಯಾ? ಕೆಮ್ಮೋ ಶಕ್ತಿಯೇ ಹೋಗಿತ್ತಮ್ಮ ಅವರಿಗೆ' ಅಂದರು. ಆಮೇಲೆ ಪ್ರಿನ್ಸಿಪಾಲರ ರೂಮಿಗೆ ಕರಕೊಂಡು ಹೋದರು. ಅಲ್ಲಿ ಡಾಕ್ಟರೂ ಇದ್ದರು. ಆ ನೀರಿನಿಂದಲೇ ಸತ್ತರಾ ಅಂತ ನಾನೇ ಕೇಳಿದೆ. 'ಇರಬಹುದು. ಲಕ್ವ ಆದವರಿಗೆ ನೀರು ಕೊಡದಿದ್ದರೂ ಎದೆ ಕಟ್ಟುತ್ತೆ, ಅದರಿಂದ ಅಲ್ಲದೆಯೂ ಇರಬಹುದು' ಅಂದರು. ಇನ್ನು ಮೇಲೆ ನನಗೆ ಗೊತ್ತಾಗೋದು ಅಷ್ಟೇ.

ಆಸ್ಪತ್ರೆಯವರು ಅಜ್ಜಿಯ ಮಗನನ್ನ, ಹೆಣ್ಣುಮಕ್ಕಳನ್ನ ಕರೆಸಿದರು. ಅವರ ಎದುರಿಗೂ ಹೇಳಿದೆ. ಹಿರಿಯ ಮಗಳು ನನ್ನ ಕಡೆ ಕೈ ಎತ್ತಿಕೊಂಡು ಬಂದರು, ತಮ್ಮ ತಡೆದ. ಸೊಸೆಯ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ.

ಸೊಸೆ ಈಗ ಅಣ್ಣನ ಮನೆಯಲ್ಲಿದ್ದಾರೆ. ಹೊಲಿಗೆ ಅಂಗಡಿಯಲ್ಲಿ ಕೆಲಸ. ವಿಳಾಸ ಕೇಳಿಕೊಂಡು ಹೋದೆ. ನಾನು ಮಾತು ಮುಗಿಸೋವರೆಗೂ ಅವರು ಮಷೀನು ನಿಲ್ಲಿಸಲಿಲ್ಲ. ಹೊಲಿಗೆ ಅಂಚಿನವರೆಗೂ ಹೋಯಿತು, ದಾರ ಕತ್ತರಿಸಿದರು, ಆಮೇಲೆ ಕೇಳಿದರು: 'ಕುಡಿದ ಮೇಲೆ ಏನಂದರು?'

'ಅಬ್ಬ ಅಂದರು' ಅಂದೆ.

'ನನ್ನ ಹತ್ತಿರ ದಿನಾ ಕೇಳಿದರು. ನೀವೆಲ್ಲ ಹೇಳಿದ್ದಿರಿ ಅಂತ ಕೊಡಲಿಲ್ಲ. ಕಿವಿ ಮುಚ್ಚಿಕೊಂಡು ಕೂತಿದ್ದೆ. ಪಾಪಿ, ಕಟುಕಿ ಅಂದರು. ಕೊಟ್ಟವಳು ನೀನು, ಕೊಡದವಳು ನಾನು. ಅವರಿಗೆ ಒಳ್ಳೆಯವಳು ನೀನೇ ಆದೆ. ಇಷ್ಟು ದಿನ ಅವರ ಮಕ್ಕಳಿಗೂ ನೀನೇ ಆದೆ' ಅಂದರು.

ನಾನು ಕ್ಷಮಿಸಿ ಅಂದೆ. 'ಅದನ್ನ ನನ್ನ ಹತ್ತಿರ ಕೇಳಬೇಡ, ನನಗೆ ತುಂಬ ಕೆಲಸ ಇದೆ' ಅಂತ ಇನ್ನೊಂದು ಬಟ್ಟೆ ಎತ್ತಿಕೊಂಡರು. ಗಂಡ ಬಂದು ಕರೆದಿದ್ದಾರಂತೆ. ಹೋಗ್ತಾರೋ ಇಲ್ಲವೋ ಹೇಳಲಿಲ್ಲ.

ಕಾಲೇಜಿನಿಂದ ತೆಗೆದಿಲ್ಲ. ಈ ವರ್ಷ ವಾರ್ಡಿಗೆ ಬಿಡಲ್ಲ. ಎರಡನೇ ವರ್ಷವನ್ನ ಮೊದಲಿಂದ ಓದಬೇಕು. ಬರೋದಾದರೆ ಬಾ, ಇಲ್ಲದಿದ್ದರೆ ಸರ್ಟಿಫಿಕೇಟು ತಗೊಂಡು ಹೋಗು, ಮುಂದಿನ ತಿಂಗಳೊಳಗೆ ಹೇಳು ಅಂದಿದ್ದಾರೆ. ನನಗೆ ಗೊತ್ತಾಗ್ತಿಲ್ಲ ಅಜ್ಜಿ. ಯಾರಾದರೂ ಮತ್ತೆ ಕೈ ಹಿಡಿದು ಕೇಳಿದರೆ ಇಲ್ಲ ಅನ್ನೋಕೆ ನನ್ನಿಂದ ಆಗುತ್ತಾ? ಕೊಡೋಕೂ ಹೆದರಿಕೆ, ಕೊಡದೆ ಇರೋಕೂ ಹೆದರಿಕೆ. ಇಂಥವಳು ಯಾವ ನರ್ಸು?

ನಿನ್ನ ಹಳೆಯ ಕಾಗದಗಳನ್ನ ಮತ್ತೆ ಓದಿದೆ. ರಾತ್ರಿ ಊಟ ಬಿಟ್ಟಿದ್ದೀನಿ, ಹೊಟ್ಟೆ ಹಿಡಿದುಕೊಂಡು ಕೂತಿದ್ದೆ, ಮೆಟ್ಟಿಲು ನಿಧಾನ. ಎಲ್ಲ ನನ್ನ ಕಣ್ಣೆದುರಿಗೇ ಇತ್ತು, ಆಗ ಓದಿ ನಕ್ಕಿದ್ದೆ. ನಿಜ ಹೇಳು, ನೀನು ಕ್ಷೇಮವಾ?

ಕಡ್ಡಿ

---

ಅಕ್ಟೋಬರ್ 3

ಕಡ್ಡೀ,

ಈ ಸಲ ಕ್ಷೇಮ ಅಂತ ಬರೆಯಲ್ಲ. ಮೇಷ್ಟ್ರು ಕ್ಷಮಿಸಲಿ.

ಪಿತ್ತಕೋಶದಲ್ಲಿ ಕಲ್ಲು ಇದೆಯಂತೆ. ಬೇಸಿಗೆಯಿಂದಲೇ ನೋವು. ಓದೋ ಹುಡುಗಿಗೆ ಯಾಕೆ ಹೇಳಬೇಕು ಅಂತ ಸುಮ್ಮನಿದ್ದೆ. ನೀನು ಬಚ್ಚಿಟ್ಟಿದ್ದಕ್ಕೆ ಬೈದೆ, ನಾನು ಮಾಡಿದ್ದೂ ಅದೇ. ಹೋದ ತಿಂಗಳ ಕೊನೆಗೆ ಅಡುಗೆಮನೆಯಲ್ಲಿ ಕುಸಿದು ಕೂತೆ, ನಿಮ್ಮಮ್ಮ ಎತ್ತಿಕೊಂಡು ಬಂದು ಇಲ್ಲಿ ಆಸ್ಪತ್ರೆಯಲ್ಲಿ ಮಲಗಿಸಿದಳು. ಎತ್ತುವಾಗ 'ರಾತ್ರಿ ಊಟ ಬಿಟ್ಟಿದ್ದೀರಿ, ಆದರೂ ಇಷ್ಟು ಭಾರ ಹೇಗೆ ಅತ್ತೆ' ಅಂದಳು. ಅವಳಿಗೂ ಬಾಯಿ ಬಂದಿದೆ ಈಚೆಗೆ.

ಮೊನ್ನೆ ಆಪರೇಷನ್ ಅಂತ ಇತ್ತು. ಬೆಳಗ್ಗೆಯಿಂದ ಹನಿ ನೀರು ಇಲ್ಲ. ನನ್ನ ಮಂಚಕ್ಕೂ ಬೋರ್ಡು ನೇತು ಹಾಕಿದರು ಕಣೆ, ಅದೇ ಬೋರ್ಡು. ಕನ್ನಡಕ ಇಲ್ಲದೆ ಒಂದೊಂದಕ್ಷರ ಕೂಡಿಸಿ ಓದಿದೆ. ಮಧ್ಯಾಹ್ನದ ಹೊತ್ತಿಗೆ ನಾಲಗೆ ಅಂಗುಳಿಗೆ ಅಂಟಿಕೊಂಡಿತು. ಬಾಯಾರಿಕೆ ಅಂದರೆ ಏನು ಅಂತ ಇಷ್ಟು ವರ್ಷ ಬದುಕಿಯೂ ನನಗೆ ಗೊತ್ತಿರಲಿಲ್ಲ. ಪಕ್ಕದ ಮಂಚದವರು ನೀರು ಕುಡಿಯೋ ಸದ್ದು ಕೇಳಿದರೆ ಎದ್ದು ಹೋಗಿ ಕಸಿದುಕೊಳ್ಳಬೇಕು ಅನ್ನಿಸುತ್ತೆ.

ನಿಮ್ಮಮ್ಮನ್ನ ಕೇಳಿದೆ. ಇಲ್ಲ ಅಂದಳು. ಒಂದೇ ಗುಟುಕು, ಯಾರಿಗೂ ಹೇಳಲ್ಲ ಅಂದೆ. ಇಲ್ಲ ಅತ್ತೆ ಅಂದಳು. ಆಮೇಲೆ ನಾನು ಏನೇನು ಅಂದೆ ಅನ್ನೋದನ್ನ ಬರೆದರೆ ಅಂಚೆಯವರು ಕಾಗದ ತಗೊಳ್ಳಲ್ಲ. ಅವಳ ತವರು, ಅವಳ ಅಡುಗೆ, ಅವಳು ಈ ಮನೆಗೆ ಕಾಲಿಟ್ಟ ದಿನ, ಒಂದನ್ನೂ ಬಿಡಲಿಲ್ಲ. ಅವಳು ಎದ್ದು ಹೋಗಲಿಲ್ಲ. ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಕೂತಳು, ಅಷ್ಟೇ. ಅಷ್ಟರಲ್ಲಿ ನಿಮ್ಮಪ್ಪ ಬಂದ. 'ಏನಮ್ಮ' ಅಂದ. ನನ್ನ ಕೈ ಎದ್ದಿತ್ತು. ನಿಜ ಹೇಳ್ತೀನಿ, ಬೆರಳು ಅವಳ ಕಡೆಗೇ ಇತ್ತು.

ಆಗ ಆ ಹೊಲಿಗೆಯ ಹೆಂಗಸು ನೆನಪಾದಳು. ನಾನು ಅವಳ ಮುಖ ನೋಡಿಲ್ಲ, ಆದರೂ ನೆನಪಾದಳು. ಕೈ ಇಳಿಸಿ 'ಏನಿಲ್ಲ, ಸೆಖೆ' ಅಂದೆ. ಆಮೇಲೆ ನಿಮ್ಮಮ್ಮನಿಗೆ ಒದ್ದೆ ಬಟ್ಟೆಯ ವಿಷಯ ಹೇಳಿದೆ, ನೀನು ಬರೆದಿದ್ದೆಯಲ್ಲ, ಅದು. ಅವಳು ಹೋಗಿ ಅಲ್ಲಿನ ಸಿಸ್ಟರನ್ನ ಕೇಳಿ, ಅವರು ಹೂಂ ಅಂದ ಮೇಲೆ, ಬಟ್ಟೆ ಒದ್ದೆ ಮಾಡಿಕೊಂಡು ಬಂದು ತುಟಿ ಒರೆಸಿದಳು. ನಾನೂ ಹಲ್ಲಲ್ಲಿ ಕಚ್ಚಿದೆ. ಅವಳು ಬಿಡಿಸಿಕೊಂಡಳು. ಮತ್ತೆ ಒರೆಸಿದಳು. ನಾವಿಬ್ಬರೂ ರಾಜಿ ಆದ್ವಿ ಅಂದುಕೋಬೇಡ, ಸಾಯಂಕಾಲ ದಿಂಬಿನ ವಿಷಯಕ್ಕೆ ಮತ್ತೆ ಜಗಳ ಆಯಿತು.

ನನ್ನ ರಕ್ತದೊತ್ತಡ ಏರಿದೆ ಅಂತ ಆವತ್ತಿನ ಆಪರೇಷನ್ ಮುಂದೆ ಹಾಕಿದರು. ಏರದೆ ಇನ್ನೇನು, ಅಷ್ಟು ಬೈದ ಮೇಲೆ. ಈಗ ಹದಿನಾಲ್ಕನೇ ತಾರೀಕು ಅಂತ ಗೊತ್ತು ಮಾಡಿದ್ದಾರೆ. ಹಿಂದಿನ ರಾತ್ರಿಯಿಂದಲೇ ಏನೂ ಇಲ್ಲ, ಆದ ಮೇಲೂ ಸ್ವಲ್ಪ ಹೊತ್ತು ಏನೂ ಇಲ್ಲವಂತೆ. ಪ್ರಜ್ಞೆ ತಪ್ಪಿಸೋ ಮದ್ದಿನ ಮತ್ತು ಇಳಿಯುವಾಗ ಎಲ್ಲರೂ ಮೊದಲು ಕೇಳೋದು ನೀರನ್ನೇ ಅಂತ ಇಲ್ಲಿನ ಸಿಸ್ಟರ್ ಹೇಳಿದರು.

ನಿನ್ನ ಪ್ರಶ್ನೆಗೆ ನನಗೆ ಉತ್ತರ ಗೊತ್ತಿಲ್ಲ. ನೀನು ನರ್ಸು ಆಗ್ತೀಯೋ ಇಲ್ಲವೋ, ನಾನು ಇನ್ನು ಹಠ ಹಿಡಿಯಲ್ಲ. ಸರ್ಟಿಫಿಕೇಟು ಈಗಲೇ ಕೇಳಬೇಡ, ಅಷ್ಟೇ. ಮೊದಲು ಇಲ್ಲಿಗೆ ಬಾ. ಅವತ್ತು ನಿಮ್ಮಮ್ಮನಿಗೆ ರಜೆ ಕೊಡೋಣ, ಅವಳು ಸಾಕಷ್ಟು ಕೇಳಿಸಿಕೊಂಡಿದ್ದಾಳೆ. ನನ್ನ ಮಂಚದ ಪಕ್ಕ ನೀನು ಕೂತಿರು.

ನಾನು ಕಣ್ಣು ಬಿಟ್ಟ ತಕ್ಷಣ ನೀರು ಕೇಳ್ತೀನಿ. ಕೈ ಹಿಡಿದುಕೊಂಡು ಕೇಳ್ತೀನಿ. ಮಗಳೇ ಅಂತೀನಿ, ಅಳ್ತೀನಿ, ನೀನು ಹುಟ್ಟಿದ ದಿನದಿಂದ ಹಿಡಿದು ಬೈತೀನಿ. ಆಗ ನಾನು ಏನು ಹೇಳ್ತೀನೋ ನನಗೇ ಗೊತ್ತಿರಲ್ಲ, ಈಗ ಬುದ್ಧಿ ನೆಟ್ಟಗಿರುವಾಗ ಹೇಳ್ತಿದ್ದೀನಿ, ಇದನ್ನೇ ಹಿಡಿದುಕೋ.

ಕೊಡಬೇಡ. ಎದ್ದೂ ಹೋಗಬೇಡ.

ಬರುವಾಗ ಕೈ ಉಜ್ಜಿಕೊಂಡು ಬಾ.

ಅಜ್ಜಿ